ರಿಪೋರ್ಟಿನ ದಪ್ಪಕ್ಷರ

ಚಿಕ್ಕೋಡಿ ಸೀಮೆಯ ಜನ ಈಗ ಡಾಕ್ಟರ ಹತ್ತಿರ ಬರುವ ಮೊದಲೇ ರಕ್ತ ತಪಾಸಣೆ ಮಾಡಿಸಿಕೊಂಡು ಬರುತ್ತಾರೆ. ಕಾಗವಾಡ, ಅಥಣಿಯವರ ಕೈಯಲ್ಲಿ ಮಿರಜಿನ ಲ್ಯಾಬಿನ ಹಾಳೆ, ನಿಪ್ಪಾಣಿಯವರದು ಕೊಲ್ಹಾಪುರದ್ದು, ರಾಯಬಾಗದವರದು ಬೆಳಗಾವಿಯದ್ದು. ಮಿತಿ ದಾಟಿದ ಅಂಕಿಯನ್ನು ಲ್ಯಾಬಿನವರು ದಪ್ಪಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಮನೆಮಂದಿ ಅದನ್ನೇ ರೋಗವೆಂದು ಹೆದರಿರುತ್ತಾರೆ. ರಕ್ತದ ಕಿಣ್ವಗಳಿಗೂ ದೇಹದ ಉರಿಯೂತಕ್ಕೂ ಇರುವ ನಂಟು ಅಷ್ಟು ಸರಳವಲ್ಲ ಎಂಬುದನ್ನು ಈ ಐದು ತಾಲೂಕುಗಳ ರೋಗಿಗಳೇ ನನಗೆ ಕಲಿಸಿದರು.

1. ಕಿಣ್ವ ಒಂದು ಮಾತು ಹೇಳುತ್ತದೆ, ಸಿಆರ್‌ಪಿ ಇನ್ನೊಂದು.

ಎಸ್‌ಜಿಒಟಿ, ಎಸ್‌ಜಿಪಿಟಿ, ಸಿಪಿಕೆ ಇವೆಲ್ಲ ಜೀವಕೋಶದ ಒಳಗೆ ಇರಬೇಕಾದ ಕಿಣ್ವಗಳು. ಕೋಶಕ್ಕೆ ಪೆಟ್ಟಾದರೆ ರಕ್ತಕ್ಕೆ ಸೋರುತ್ತವೆ. ಹೃದಯಾಘಾತವಾದವರ ರಕ್ತದಲ್ಲಿ ಎಸ್‌ಜಿಒಟಿ ಏರುವುದನ್ನು 1954ರಲ್ಲಿ ಲಾಡ್ಯೂ, ವ್ರೊಬ್ಲೆವ್‌ಸ್ಕಿ, ಕಾರ್ಮೆನ್ ತೋರಿಸಿದ ಮೇಲೆ ಈ ತಪಾಸಣೆ ಆಸ್ಪತ್ರೆಗಳಿಗೆ ಬಂತು. ಜೋಳದ ಚೀಲ ಹರಿದು ಕಾಳು ಚೆಲ್ಲಿದ್ದು ಕಾಣುತ್ತದೆ, ಇಲಿ ಕಡಿಯಿತೋ ಮೊಳೆ ತಾಗಿತೋ ಎಂಬುದು ಕಾಳಿನ ಮೇಲೆ ಬರೆದಿರುವುದಿಲ್ಲ.

ಸಿಆರ್‌ಪಿ ಕಿಣ್ವವೇ ಅಲ್ಲ. ದೇಹದ ಯಾವುದೋ ಮೂಲೆಯಲ್ಲಿ ಉರಿಯೂತ ಎದ್ದಾಗ ಇಂಟರ್‌ಲ್ಯೂಕಿನ್-6ರ ಸೂಚನೆಯ ಮೇರೆಗೆ ಲಿವರ್ ತಯಾರಿಸುವ ಪ್ರೋಟೀನ್ ಅದು. 1930ರಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಅದನ್ನು ಕಂಡುಹಿಡಿದರು. ಕಿಣ್ವ ಮಾತ್ರ ಏರಿದ್ದರೆ ಉರಿಯೂತವಿಲ್ಲದ ಪೆಟ್ಟನ್ನು ಹುಡುಕುತ್ತೇನೆ. ಸಿಆರ್‌ಪಿ ಮಾತ್ರ ಏರಿದ್ದರೆ ಪುಪ್ಪುಸ, ಮೂತ್ರ, ಕೀಲು, ಹಲ್ಲಿನ ಬುಡ ನೋಡುತ್ತೇನೆ. ಒಂದು ಎಚ್ಚರಿಕೆ: ಲಿವರೇ ಸೋತಿದ್ದರೆ ಸಿಆರ್‌ಪಿ ತಯಾರಿಸುವವರು ಯಾರು? ಸಿರೋಸಿಸ್ ರೋಗಿಯಲ್ಲಿ ದೊಡ್ಡ ಸೋಂಕಿದ್ದರೂ ಅದು ಏರಬೇಕಾದಷ್ಟು ಏರದೆ ಇರಬಹುದು.

2. ನಿನ್ನೆ ಏನು ಕೆಲಸ ಮಾಡಿದಿರಿ ಎಂದು ಮೊದಲು ಕೇಳಬೇಕು.

ದೀಪಾವಳಿಯ ಆಸುಪಾಸಿಗೆ ಕಾರ್ಖಾನೆಗಳು ಕಬ್ಬು ನುರಿಸಲು ಶುರು ಮಾಡುತ್ತವೆ. ಉಗಾರ ಖುರ್ದದಿಂದ ಚಿಕ್ಕೋಡಿಯವರೆಗೂ ಮಹಾರಾಷ್ಟ್ರದ ಬೀಡ ಕಡೆಯ ಕಬ್ಬು ಕಡಿಯುವ ಗ್ಯಾಂಗುಗಳು ಗುಡಿಸಲು ಹಾಕುತ್ತವೆ. ಆ ಹಂಗಾಮಿನ ಮೊದಲ ವಾರಗಳಲ್ಲಿ ಒಂದು ರಿಪೋರ್ಟು ತಪ್ಪದೆ ಬರುತ್ತದೆ: ಎಸ್‌ಜಿಒಟಿ 180, ಎಸ್‌ಜಿಪಿಟಿ 60, ಕಣ್ಣು ಬೆಳ್ಳಗೆ, ಕಾಮಣಿಯ ಸುಳಿವಿಲ್ಲ. ಚೀಟಿಯಲ್ಲಿ ಆಗಲೇ ಯಾರೋ ‘ಲಿವರ್ ಬಾವು’ ಎಂದು ಬರೆದು ಸಿರಪ್ಪು ಕೊಟ್ಟಿರುತ್ತಾರೆ. ಎಸ್‌ಜಿಒಟಿ ಲಿವರಿನ ಸ್ವಂತ ಆಸ್ತಿಯಲ್ಲ, ಸ್ನಾಯುಗಳಲ್ಲಿಯೂ ಧಾರಾಳ ಇದೆ. ಸ್ನಾಯುವಿನ ಸಿಪಿಕೆ ಮಾಡಿಸಿದರೆ ಸಾವಿರಗಳಲ್ಲಿ ಬರುತ್ತದೆ, ಲಿವರಿನ ಜಿಜಿಟಿ ಸರಿಯಾಗಿರುತ್ತದೆ. ನಸುಕಿನಿಂದ ಬಗ್ಗಿ ಕಬ್ಬು ಕಡಿದು, ಹೊರೆ ಹೊತ್ತು ಟ್ರ್ಯಾಕ್ಟರ್ ಏರಿಸಿದ ಮೈಯ ಲೆಕ್ಕ ಅದು. ನೀರು, ವಿಶ್ರಾಂತಿ ಸಾಕು. ಆದರೆ ಮೂತ್ರ ಕರಿ ಚಹಾದ ಬಣ್ಣಕ್ಕೆ ತಿರುಗಿದರೆ ಕಿಡ್ನಿಗೆ ಅಪಾಯ, ಅದೇ ದಿನ ಭರ್ತಿ ಮಾಡಬೇಕು.

ಕುಂಡೆಗೆ ಹಾಕಿಸಿಕೊಂಡ ನೋವಿನ ಇಂಜೆಕ್ಷನ್ ಕೂಡ ಕೆಲ ದಿನ ಸಿಪಿಕೆ ಏರಿಸುತ್ತದೆ. ನಮ್ಮಲ್ಲಿ ಸೂಜಿ ಚುಚ್ಚದ ಡಾಕ್ಟರ್ ಡಾಕ್ಟರೇ ಅಲ್ಲವಾದ್ದರಿಂದ ಇದನ್ನು ಕೇಳದೆ ಮುಂದೆ ಹೋಗುವಂತಿಲ್ಲ.

3. ನೆರೆ ಇಳಿದ ಮೇಲಿನ ಕಾಮಣಿ ಬೇರೆ.

2019ರ ಆಗಸ್ಟಿನಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ಮೂರೂ ಉಕ್ಕಿ ಈ ತಾಲೂಕುಗಳ ಊರೂರೇ ನೀರಿನಲ್ಲಿ ನಿಂತವು. ಕೆಸರು ತುಳಿದವರಿಗೆ, ಕಬ್ಬಿನ ಗದ್ದೆಯಲ್ಲಿ ಬರಿಗಾಲಲ್ಲಿ ನಡೆಯುವವರಿಗೆ ಇಲಿಜ್ವರದ ಭಯ ಹೆಚ್ಚು. ಅದರ ರಿಪೋರ್ಟಿಗೆ ತನ್ನದೇ ಮುಖವಿದೆ: ಕಣ್ಣು ಅರಿಶಿನವಾಗಿರುತ್ತದೆ, ಬಿಲಿರುಬಿನ್ ಎಷ್ಟೋ ಪಟ್ಟು ಏರಿರುತ್ತದೆ, ಆದರೆ ಎಸ್‌ಜಿಪಿಟಿ ನೂರು-ಇನ್ನೂರರ ಒಳಗೇ ಇರುತ್ತದೆ. ಜತೆಗೆ ಸಿಆರ್‌ಪಿ, ಸಿಪಿಕೆ, ಕಿಡ್ನಿಯ ಕ್ರಿಯಾಟಿನಿನ್ ಮೇಲೆ. ಮೀನಖಂಡ ಒತ್ತಿದರೆ ರೋಗಿ ಚೀರುತ್ತಾನೆ. ಕುಡಿಯುವ ನೀರಿನಿಂದ ಬರುವ ವೈರಸ್ ಕಾಮಣಿಯಲ್ಲಿ ಇದು ತಿರುವುಮುರುವು: ಎಸ್‌ಜಿಪಿಟಿ ಸಾವಿರ ದಾಟುತ್ತದೆ, ಸಿಆರ್‌ಪಿ ಅಷ್ಟಾಗಿ ಏರುವುದಿಲ್ಲ. ಮೊದಲನೆಯದಕ್ಕೆ ಡಾಕ್ಸಿಸೈಕ್ಲಿನ್ ಅಥವಾ ಪೆನಿಸಿಲಿನ್ ಬೇಗ ಬೀಳಬೇಕು. ಎರಡನೆಯದಕ್ಕೆ ಆ್ಯಂಟಿಬಯೋಟಿಕ್ ದಂಡ.

4. ಎಸ್‌ಜಿಪಿಟಿ ಇಳಿಯಿತೆಂದು ಪೇಢೆ ಹಂಚಬೇಡಿ.

“ಸರ, ನಾಕ ಸಾವಿರ ಇದ್ದದ್ದು ಆರನೂರಕ್ಕ ಬಂದೈತ್ರಿ, ನಾಟಿ ಔಷಧ ಹತ್ತೇತಿ,” ಅನ್ನುತ್ತಾರೆ. ನಾನು ಕೇಳುವುದು ಒಂದೇ: “ಮಂದೀನ ಗುರುತ ಹಿಡೀತಾನೇನು?” “ಎರಡ ದಿವಸದಿಂದ ಬರೇ ಮಲಗತಾನ್ರಿ.”

ಇದು ಹೆದರಬೇಕಾದ ಉತ್ತರ. ಎಸ್‌ಜಿಪಿಟಿ ರಕ್ತದಲ್ಲಿ ಸುಮಾರು ಎರಡು ದಿನಕ್ಕೆ ಅರ್ಧವಾಗುತ್ತದೆ. ಲಿವರ್ ಚೇತರಿಸಿಕೊಂಡಾಗಲೂ ಇಳಿಯುತ್ತದೆ, ಸೋರಲು ಕೋಶಗಳೇ ಉಳಿಯದಿದ್ದಾಗಲೂ ಇಳಿಯುತ್ತದೆ. ಎರಡನ್ನು ಬೇರೆ ಮಾಡುವುದು ಬಿಲಿರುಬಿನ್, ರಕ್ತ ಹೆಪ್ಪುಗಟ್ಟಲು ತಗಲುವ ಸಮಯ ತೋರಿಸುವ ಐಎನ್‌ಆರ್ ಮತ್ತು ರೋಗಿಯ ಪ್ರಜ್ಞೆ. ಕಿಣ್ವ ಇಳಿದು ಇವೆರಡು ಅಂಕಿ ಏರುತ್ತಿದ್ದರೆ, ರೋಗಿಗೆ ಮಂಪರು ಹತ್ತಿದ್ದರೆ, ದೊಡ್ಡ ಆಸ್ಪತ್ರೆಗೆ ಆ ಗಳಿಗೆಯಲ್ಲೇ ಹೊರಡಬೇಕು.

5. ಮೇದೋಜೀರಕದಲ್ಲಿ ಕಿಣ್ವ ರೋಗದ ಹೆಸರು ಹೇಳುತ್ತದೆ, ತೀವ್ರತೆ ಹೇಳುವುದಿಲ್ಲ.

ಕುಡಿತದ ಮೇಲೆ ಹೊಟ್ಟೆನೋವು ಬೆನ್ನಿಗೆ ಹಾಯ್ದು ಬಂದವನಲ್ಲಿ ಲೈಪೇಸ್ ಎಂಬ ಕಿಣ್ವ ಮಿತಿಯ ಮೂರು ಪಟ್ಟು ದಾಟಿದ್ದರೆ ಪ್ಯಾಂಕ್ರಿಯಾಟೈಟಿಸ್ (ಮೇದೋಜೀರಕದ ಉರಿಯೂತ) ಎನ್ನಬಹುದು. ಅದು ಐದುನೂರೋ ಐದು ಸಾವಿರವೋ ಎಂಬುದರಿಂದ ರೋಗಿಯ ಗತಿ ತಿಳಿಯದು. ಅದಕ್ಕೆ ಸಿಆರ್‌ಪಿಯನ್ನು ಕೇಳಬೇಕು, ಅದೂ 48 ಗಂಟೆಯ ನಂತರ. ಆಗ ಲೀಟರಿಗೆ 150 ಮಿ.ಗ್ರಾಂ. ದಾಟಿದ್ದರೆ ಕಾಯಿಲೆ ಕೆಟ್ಟ ದಾರಿ ಹಿಡಿದಿರುವ ಸಂಭವ ಹೆಚ್ಚು. ದಿನಾ ಲೈಪೇಸ್ ಮಾಡಿಸುವುದು ದುಡ್ಡು ಹಾಳು, ಅಷ್ಟೇ.

6. ಸಣ್ಣ ಅಂಕಿಯೂ ದೊಡ್ಡದಿರಬಹುದು.

ಹೊಟ್ಟೆ ಮುಂದೆ ಬಂದ, ಸಕ್ಕರೆ ಕಾಯಿಲೆಯ ಮಧ್ಯವಯಸ್ಕರಲ್ಲಿ ಲಿವರಿನ ಕೊಬ್ಬು ನಿಧಾನವಾಗಿ ಉರಿಯೂತಕ್ಕೆ ತಿರುಗುತ್ತದೆ. ಇಂಥವರಲ್ಲಿ ಜಿಜಿಟಿ ಮತ್ತು ಸಿಆರ್‌ಪಿ ಎರಡೂ ತುಸು ಮೇಲಿರುವುದು ಸಾಮಾನ್ಯ. ಬೀಡಿ ಸೇದುವವರಲ್ಲಿಯೂ ಸಿಆರ್‌ಪಿ ತುಸು ಏರಿಯೇ ಇರುತ್ತದೆ. ಲ್ಯಾಬು ಎಸ್‌ಜಿಪಿಟಿಗೆ 40ರವರೆಗೆ ಸರಿ ಎಂದು ಬರೆಯುತ್ತದೆ. ಗಂಡಸರಲ್ಲಿ 33, ಹೆಂಗಸರಲ್ಲಿ 25 ದಾಟಿದರೆ ನಾನು ಸೊಂಟದ ಸುತ್ತಳತೆ ಅಳೆಯುತ್ತೇನೆ.

ಒಂದು ಲೆಕ್ಕ ಕಾಗದದ ಮೇಲೆ ಮಾಡಬಹುದು, ಹೆಸರು ಫಿಬ್-4. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ, ಸಾವಿರದ ಲೆಕ್ಕದ ಪ್ಲೇಟ್‌ಲೆಟ್ ಮತ್ತು ಎಸ್‌ಜಿಪಿಟಿಯ ವರ್ಗಮೂಲದ ಗುಣಲಬ್ಧದಿಂದ ಭಾಗಿಸಬೇಕು. ವಯಸ್ಸು 52, ಎಸ್‌ಜಿಒಟಿ 60, ಎಸ್‌ಜಿಪಿಟಿ 49, ಪ್ಲೇಟ್‌ಲೆಟ್ ಒಂದೂವರೆ ಲಕ್ಷ ಎನ್ನಿ. ನೋಡಲು ಏನೂ ಇಲ್ಲ. ಲೆಕ್ಕ ಹಾಕಿದರೆ 2.97 ಬರುತ್ತದೆ. 1.3ರ ಕೆಳಗಿದ್ದರೆ ನಿಶ್ಚಿಂತೆ, 2.67 ದಾಟಿದರೆ ಲಿವರ್ ಗಟ್ಟಿಯಾಗಿರಬಹುದು, ಫೈಬ್ರೋಸ್ಕ್ಯಾನ್ ಬೇಕು. ಎಸ್‌ಜಿಒಟಿಯು ಎಸ್‌ಜಿಪಿಟಿಯ ಎರಡರಷ್ಟಿದ್ದರೆ ಮನೆಯವರನ್ನು ಹೊರಗೆ ಕಳಿಸಿ ದಾರೂ ವಿಷಯ ಕೇಳುವುದು ಒಳ್ಳೆಯದು.

7. ಇಎಸ್‌ಆರ್ ಸಣ್ಣ ಮಾತಿಗೂ ಏರುತ್ತದೆ.

ನಿಪ್ಪಾಣಿಯಲ್ಲಿ ದಿನವಿಡೀ ಕೂತು ಬೀಡಿ ಕಟ್ಟುವ, ತಂಬಾಕಿನ ವಖಾರಿಗಳಲ್ಲಿ ದುಡಿಯುವ ಹೆಣ್ಣುಮಕ್ಕಳ ರಿಪೋರ್ಟಿನಲ್ಲಿ ಉರಿಯೂತದ ಇನ್ನೊಂದು ಅಳತೆಯಾದ ಇಎಸ್‌ಆರ್ 45 ಎಂದಿದ್ದರೆ ಸಂಧಿವಾತ ಎನ್ನುವ ಮೊದಲು ಹಿಮೋಗ್ಲೋಬಿನ್ ನೋಡಿ. ಎಂಟಕ್ಕೆ ಇಳಿದಿದ್ದರೆ ರಕ್ತಹೀನತೆಯಿಂದಲೇ ಅಷ್ಟು ಏರಬಹುದು. ವಯಸ್ಸಿನ ಜತೆಗೂ ಅದು ಏರುತ್ತದೆ: 60ರ ಹೆಂಗಸಿಗೆ 35ರವರೆಗೆ ದೋಷವಿಲ್ಲ.

8. ಹಾಳೆಯ ಮೂಲೆಯನ್ನೂ ಓದಿ.

ಒಂದು ಲ್ಯಾಬು ಸಿಆರ್‌ಪಿಯನ್ನು ಲೀಟರಿಗೆ ಇಷ್ಟು ಎನ್ನುತ್ತದೆ, ಮತ್ತೊಂದು ಡೆಸಿಲೀಟರಿಗೆ. ಮಿರಜಿನ 24 ಮತ್ತು ಬೆಳಗಾವಿಯ 2.4 ಒಂದೇ ಆಗಿರಬಹುದು, ಇಳಿಯಿತೆಂದು ಸಂತೋಷಪಡಲು ಏನೂ ಆಗಿರುವುದಿಲ್ಲ. ಬಸ್ಸಿನಲ್ಲಿ ಕುಲುಕುತ್ತ ಹೋದ ರಕ್ತದ ಕೆಂಪುಕಣಗಳು ಒಡೆದರೆ ಎಲ್‌ಡಿಎಚ್, ಎಸ್‌ಜಿಒಟಿ, ಪೊಟ್ಯಾಶಿಯಂ ಸುಳ್ಳೇ ಏರುತ್ತವೆ. ಹಾಳೆಯ ಕೆಳಗೆ ‘ಹಿಮೊಲೈಸ್ಡ್’ ಎಂದು ಬರೆದಿದ್ದರೆ ಹೊಸ ರಕ್ತ ಕೊಡಬೇಕು.

9. ಅಂಕಿಗೆ ಔಷಧವಿಲ್ಲ.

ಎಸ್‌ಜಿಪಿಟಿ ಇಳಿಸುವ ಸಿರಪ್ಪು ಕೇಳಬೇಡಿ. ಬರುವಾಗ ಹಳೆಯ ರಿಪೋರ್ಟುಗಳು, ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ಅದರಲ್ಲೂ ಟಿಬಿ ಮಾತ್ರೆ, ಕೀಲುನೋವಿನ ಮಾತ್ರೆ, ನಾಟಿ ಪುಡಿ, ಎಲ್ಲವನ್ನೂ ತನ್ನಿ. ಟಿಬಿ ಮಾತ್ರೆ ನಡೆಯುತ್ತಿದ್ದು ವಾಂತಿ ಅಥವಾ ಕಾಮಣಿ ಕಂಡರೆ ರಿಪೋರ್ಟಿಗೂ ಕಾಯಬೇಡಿ, ಮಾತ್ರೆ ಕೊಟ್ಟ ಕೇಂದ್ರಕ್ಕೆ ಅದೇ ದಿನ ಹೋಗಿ.