ಚಾರಣದ ಟಿಕೆಟ್ ಯಾರ ಹೆಸರಿನಲ್ಲಿದೆ?

ಮಾಮೂಲ್‌ಪೇಟೆಯ ಸಗಟು ಅಂಗಡಿಗಳಲ್ಲಿ ದುಡಿಯುವ ಹುಡುಗರು ಮಾಲೀಕರನ್ನು ಕಾಡಿ ಬೇಡಿ ಎರಡು ದಿನ ರಜೆ ಪಡೆದು ಕುದುರೆಮುಖ ಹತ್ತಲು ಹೋಗುತ್ತಾರೆ. ಅವರಲ್ಲಿ ಕೆಲವರು ವಾಪಸಾದ ಮೇಲೆ ಅರಣ್ಯ ಇಲಾಖೆಯ ಕಾಗದ ಹಿಡಿದು ನಮ್ಮ ವಕೀಲಿ ಕಚೇರಿಯ ಮೆಟ್ಟಿಲನ್ನೂ ಹತ್ತುತ್ತಾರೆ. "ಸಾರ್, ನಾವು ದುಡ್ಡು ಕಟ್ಟಿದ್ವಿ" ಎನ್ನುವುದು ಎಲ್ಲರ ಮೊದಲ ಮಾತು. ಕಟ್ಟಿದ್ದು ನಿಜ. ಯಾರಿಗೆ ಕಟ್ಟಿದಿರಿ ಎಂಬಲ್ಲಿ ತಕರಾರು ಶುರುವಾಗುತ್ತದೆ.

ಕುದುರೆಮುಖ ರಾಷ್ಟ್ರೀಯ ಉದ್ಯಾನ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಅದರೊಳಗೆ ಕಾಲಿಟ್ಟರೆ ಅಪರಾಧ. ಶಿಕ್ಷೆ 3 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 2022ರ ತಿದ್ದುಪಡಿಗೆ ಮೊದಲು ಈ ದಂಡದ ಮಿತಿ 25 ಸಾವಿರ ಇತ್ತು. ಉದ್ಯಾನ ಸೀಳಿಕೊಂಡು ಹೋಗುವ ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರಿಗೆ ಈ ಅನುಮತಿ ಬೇಕಿಲ್ಲ. ಆದರೆ ಆ ವಿನಾಯಿತಿ ಹಾದುಹೋಗುವುದಕ್ಕೆ ಮಾತ್ರ. ಗಾಡಿ ನಿಲ್ಲಿಸಿ ಫೋಟೋಕ್ಕೆಂದು ಹುಲ್ಲುಗಾವಲಿಗೆ ಇಳಿದಿರೋ, ವಿನಾಯಿತಿ ಅಲ್ಲಿಗೆ ಮುಗಿಯಿತು.

2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಜನ ಜಾತ್ರೆಯಂತೆ ನುಗ್ಗಿದ ಮೇಲೆ ಸರ್ಕಾರ ಎಚ್ಚೆತ್ತುಕೊಂಡಿತು. ಈಗ ಟಿಕೆಟ್ ಕಾದಿರಿಸುವುದು 'ಅರಣ್ಯ ವಿಹಾರ' ಜಾಲತಾಣದಲ್ಲಿ. ಕುದುರೆಮುಖ, ನೇತ್ರಾವತಿ ಶಿಖರಗಳಿಗೆ ದಿನಕ್ಕೆ 300 ಮಂದಿಯ ಮಿತಿ ಹಾಕಿದ್ದಾರೆ. ಜನ ಎಡವುವುದು ಇಲ್ಲೇ. ವಾರಾಂತ್ಯದ ಟಿಕೆಟ್ ಸಿಗುವುದಿಲ್ಲ. ಆಗ ವಾಟ್ಸಾಪ್ ಗುಂಪಿನಲ್ಲಿ ಒಬ್ಬ 'ಆರ್ಗನೈಸರ್' ಪ್ರತ್ಯಕ್ಷನಾಗುತ್ತಾನೆ: ಬಸ್ಸು, ಊಟ, ಹೋಮ್‌ಸ್ಟೇ, ಪರ್ಮಿಟ್ ಎಲ್ಲ ಸೇರಿ ಇಷ್ಟು. ನೀವು ಯುಪಿಐನಲ್ಲಿ ಹಣ ಹಾಕುತ್ತೀರಿ. ಅವನು ಹೆಬ್ಬೆರಳಿನ ಚಿತ್ರ ಕಳಿಸುತ್ತಾನೆ. ಅದು ಪರ್ಮಿಟ್ ಅಲ್ಲ ಸ್ವಾಮಿ!

ಹೊರಡುವ ಮೊದಲು ಟಿಕೆಟ್ ಕೇಳಿ ಪಡೆಯಿರಿ. ನಿಮ್ಮ ಹೆಸರು, ಗುರುತಿನ ಚೀಟಿಯ ವಿವರ, ದಿನಾಂಕ, ಮಾರ್ಗ ನಾಲ್ಕನ್ನೂ ನೋಡಿ. ನೇತ್ರಾವತಿಯ ಟಿಕೆಟ್ಟಿನಲ್ಲಿ ಕುದುರೆಮುಖ ಹತ್ತುವಂತಿಲ್ಲ. "ಅಲ್ಲಿ ಕೊಡ್ತೀನಿ" ಎಂದರೆ ಬಸ್ಸು ಹತ್ತಬೇಡಿ. ನನ್ನ ಕಕ್ಷಿದಾರರಿಗೆ ಹಾಗೆಯೇ ಹೇಳಿದ್ದರು. ಬೆಳಗಿನ ಜಾವ ಕೈಗೆ ಬಂದ ಟಿಕೆಟ್ಟಿನಲ್ಲಿ ಯಾರೋ ಅಪರಿಚಿತರ ಹೆಸರುಗಳಿದ್ದವು. ಗೇಟಿನಲ್ಲಿ ತಡೆದಾಗ ಆರ್ಗನೈಸರ್ ಕೊಟ್ಟ ಸಲಹೆ, "ಹಿಂದಿನ ದಾರಿ ಇದೆ, ಬನ್ನಿ." ಹೋದರು, ಸಿಕ್ಕಿಬಿದ್ದರು. ಕಾಯ್ದೆಯ ಕಣ್ಣಿಗೆ ಮೊದಲು ಬೀಳುವುದು ಒಳಗೆ ಹೋದವನ ಕಾಲು. ಕರೆದೊಯ್ದವನ ಮೇಲೂ ಕೇಸು ಹಾಕಬಹುದು, ಆದರೆ ಅವನು ಅಷ್ಟರಲ್ಲಿ ಫೋನ್ ಆಫ್ ಮಾಡಿರುತ್ತಾನೆ.

ಟಿಕೆಟ್ ಸರಿಯಿದ್ದರೂ ಚೀಲ ನೋಡಿಕೊಳ್ಳಿ. ಕಾಯ್ದೆಯ ಆಯುಧಗಳ ಪಟ್ಟಿಯಲ್ಲಿ ಚಾಕುವೂ ಇದೆ. ಹಣ್ಣು ಹೆಚ್ಚಲು ತಂದೆ ಎಂಬ ಸಮಜಾಯಿಷಿಯನ್ನು ಗಾರ್ಡು ಕೇಳಿಸಿಕೊಳ್ಳಬಹುದು, ಕೇಳಿಸಿಕೊಳ್ಳದೆಯೂ ಇರಬಹುದು. ಒಳಗೆ ಬೆಂಕಿ ಹಚ್ಚುವುದಂತೂ ಅಪರಾಧವೇ.

ಹಿಡಿದರೆ? ಓಡಬೇಡಿ, ವಾದಕ್ಕೂ ನಿಲ್ಲಬೇಡಿ. ಬಂಧಿಸಿದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಫೋನು, ಕ್ಯಾಮೆರಾ ಜಪ್ತಿ ಮಾಡಿದರೆ ಮಹಜರಿನಲ್ಲಿ ಅದರ ವಿವರ ಬರೆಸಿ. ಓದದ ಹೇಳಿಕೆಗೆ, ಖಾಲಿ ಹಾಳೆಗೆ ಸಹಿ ಬೇಡವೇ ಬೇಡ. "ಸುಮ್ಮನೆ ಒಂದು ಸೈನ್ ಹಾಕಿ ಹೋಗಿ" ಎಂಬ ಮಾತು ಕೇಳಿ ಸಹಿ ಹಾಕಿದವರ ಕೇಸು ನಡೆಸುವ ಕಷ್ಟ ವಕೀಲರಿಗೇ ಗೊತ್ತು.

ಕೆಲವು ಅಪರಾಧಗಳನ್ನು ಹಣ ಕಟ್ಟಿಸಿಕೊಂಡು ರಾಜಿಯಲ್ಲಿ ಮುಗಿಸಲು ವನ್ಯಜೀವಿ ಕಾಯ್ದೆಯಲ್ಲಿ ಅವಕಾಶವಿದೆ. ಆ ಅಧಿಕಾರ ಇರುವುದು ಸರ್ಕಾರ ಅಧಿಸೂಚಿಸಿದ, ಉಪ ಅರಣ್ಯ ಸಂರಕ್ಷಣಾಧಿಕಾರಿಗಿಂತ ಕೆಳಗಲ್ಲದ ದರ್ಜೆಯವರಿಗೆ. ಗೇಟಿನ ಬಳಿ ಮರದ ಕೆಳಗೆ ನಿಂತು ನಗದು ಎಣಿಸಿಕೊಳ್ಳುವ ಸಿಬ್ಬಂದಿಗೆ ಆ ಅಧಿಕಾರ ಕೊಟ್ಟವರಾರು? ರಸೀದಿಯಿಲ್ಲದೆ ಕೊಟ್ಟ ಹಣದಿಂದ ಕೇಸು ಮುಗಿಯುವುದಿಲ್ಲ. ಆಮೇಲೆ ಮನೆಗೆ ಸಮನ್ಸ್ ಬಂದಾಗ ತೋರಿಸಲು ನಿಮ್ಮ ಬಳಿ ಏನೂ ಇರುವುದಿಲ್ಲ. ಬೇರೆ ಅರಣ್ಯ ಕಾಯ್ದೆಯಡಿ ಪ್ರಕರಣವಾದರೆ ಲೆಕ್ಕವೂ ಬೇರೆ. ಹಾಗಾಗಿ ಯಾವ ಕಾಯ್ದೆ, ಯಾವ ಕಲಂ ಎಂಬುದನ್ನು ರಸೀದಿಯಲ್ಲೇ ಬರೆಸಿಕೊಳ್ಳಿ.

ಇನ್ನು ಆರ್ಗನೈಸರ್ ನುಂಗಿದ ಹಣ. ಅದಕ್ಕೆ ಕಳಸಕ್ಕೋ ಕಾರ್ಕಳಕ್ಕೋ ಅಲೆಯಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರೂ ಕಡ್ಡಾಯವಲ್ಲ, ನನ್ನ ಹೊಟ್ಟೆಪಾಡಿಗೆ ಇದು ಒಳ್ಳೆಯ ಸುದ್ದಿಯಲ್ಲದಿದ್ದರೂ. 'ಇ-ಜಾಗೃತಿ' ಜಾಲತಾಣದಲ್ಲಿ ಕೂತಲ್ಲಿಂದಲೇ ಸಲ್ಲಿಸಬಹುದು; ಸಲಹೆಗೆ 1915ಕ್ಕೆ ಕರೆ ಮಾಡಿ. ತೊಡಕೊಂದಿದೆ. ಎದುರುದಾರನ ನಿಜವಾದ ಹೆಸರು, ವಿಳಾಸ ಬೇಕು. ಇನ್‌ಸ್ಟಾಗ್ರಾಂ ಪುಟದ ಹೆಸರಿಗೆ ನೋಟಿಸ್ ಜಾರಿಯಾಗುವುದಿಲ್ಲ. ಆದ್ದರಿಂದ ಮುಂಗಡ ಕೊಡುವಾಗಲೇ ವಿಳಾಸವಿರುವ ರಸೀದಿ ಕೇಳಿ. ಟಿಕೆಟ್ ಇಲ್ಲವೆಂದು ಗೊತ್ತಿದ್ದೂ ನೀವೇ ಹಿಂದಿನ ದಾರಿ ಹಿಡಿದಿದ್ದರೆ ಆಯೋಗದ ಮುಂದೆ ನಿಮ್ಮ ಮಾತಿನ ತೂಕ ಇಳಿಯುತ್ತದೆ ಎಂಬುದೂ ನೆನಪಿರಲಿ.

ದೂರಿಗೆ 2 ವರ್ಷದ ಮಿತಿ. ಅಲ್ಲಿಯವರೆಗೆ ಆ ವಾಟ್ಸಾಪ್ ಗುಂಪಿನ ಸಂದೇಶಗಳನ್ನೂ ಯುಪಿಐ ದಾಖಲೆಯನ್ನೂ ದಯವಿಟ್ಟು ಅಳಿಸಬೇಡಿ.