ಚಿಕ್ಕ ಕಾರಿಗೆ ಸದ್ದಿಲ್ಲದ ಸಿ.ವಿ.ಟಿ.: ವಿನ್ಯಾಸದ ಲೆಕ್ಕಾಚಾರ

ಹಾವೇರಿ, ರಾಣೆಬೆನ್ನೂರುಗಳ ಹಿಟ್ಟಿನ ಗಿರಣಿಯಲ್ಲಾಗಲಿ, ಬ್ಯಾಡಗಿಯ ಖಾರದಪುಡಿ ಘಟಕದಲ್ಲಾಗಲಿ ಪುಲ್ಲಿ ಮತ್ತು ಬೆಲ್ಟ್ ಅಪರಿಚಿತವಲ್ಲ. ಮೋಟಾರಿನ ಪುಲ್ಲಿ ಚಿಕ್ಕದಾಗಿದ್ದು ಯಂತ್ರದ ಪುಲ್ಲಿ ದೊಡ್ಡದಾಗಿದ್ದರೆ ವೇಗ ತಗ್ಗಿ ಬಲ ಹೆಚ್ಚುತ್ತದೆ. ಲೇತ್ ಯಂತ್ರದ ಸ್ಟೆಪ್ ಪುಲ್ಲಿಯಲ್ಲಿ ಬೆಲ್ಟನ್ನು ಸರಿಸಬೇಕಾದರೆ ಯಂತ್ರವನ್ನು ನಿಲ್ಲಿಸಬೇಕು. ನಿಲ್ಲಿಸದೆ, ಹಂತಗಳಿಲ್ಲದೆ ಈ ಬದಲಾವಣೆಯನ್ನು ಸಾಧಿಸುವ ವ್ಯವಸ್ಥೆಯೇ ಸಿ.ವಿ.ಟಿ.

ರಚನೆ

ಇದರ ಪ್ರತಿಯೊಂದು ಪುಲ್ಲಿಯೂ ಎದುರುಬದುರಾದ ಎರಡು ಇಳಿಜಾರು ತಟ್ಟೆಗಳಿಂದ ಆಗಿರುತ್ತದೆ. ತಟ್ಟೆಗಳು ಸಮೀಪಿಸಿದರೆ ಬೆಲ್ಟ್ ಅಂಚಿಗೆ ಏರುತ್ತದೆ. ದೂರ ಸರಿದರೆ ನಡುವಿಗೆ ಇಳಿಯುತ್ತದೆ. 1984ರಲ್ಲಿ ಬಂದ ಕೈನೆಟಿಕ್ ಹೋಂಡಾ ಸ್ಕೂಟರಿನಿಂದ ಈ ತತ್ತ್ವ ನಮ್ಮ ರಸ್ತೆಗಳಿಗೆ ಪರಿಚಿತವಾಯಿತು. ಕಾರಿನಲ್ಲಿ ಇದನ್ನು ಹಾಲೆಂಡಿನ ಡಾಫ್ ಸಂಸ್ಥೆ 1958ರಲ್ಲಿ ರಬ್ಬರ್ ಬೆಲ್ಟಿನೊಡನೆ ಪ್ರದರ್ಶಿಸಿತು. ಉಕ್ಕಿನ ಬೆಲ್ಟ್ ಬಂದ ನಂತರ, 1987ರ ಸುಬಾರು ಜಸ್ಟಿಯಂತಹ ಚಿಕ್ಕ ಕಾರುಗಳಲ್ಲಿ ಅದು ನೆಲೆಗೊಂಡಿತು.

ಗಾತ್ರದ ಲೆಕ್ಕ

ಚಿಕ್ಕ ಕಾರಿನಲ್ಲಿ ಎಂಜಿನ್ ಅಡ್ಡಲಾಗಿ ಕೂಡುವುದರಿಂದ ಗೇರ್‌ಬಾಕ್ಸಿಗೆ ಉಳಿಯುವ ಸ್ಥಳ ಅಲ್ಪ. ಒಂದು ಸರಳ ಉದಾಹರಣೆಯನ್ನು ನೋಡಬಹುದು. ಬೆಲ್ಟ್ ಸುತ್ತುವ ತ್ರಿಜ್ಯ 30ರಿಂದ 75 ಮಿ.ಮೀ.ವರೆಗೆ ಬದಲಾದರೆ ಅನುಪಾತ 2.5ರಿಂದ 0.4ಕ್ಕೆ ಇಳಿಯುತ್ತದೆ, ಒಟ್ಟು ವ್ಯಾಪ್ತಿ 6.25. ಸ್ಥಳ ಉಳಿಸಲು ಗರಿಷ್ಠ ತ್ರಿಜ್ಯವನ್ನು 60ಕ್ಕೆ ಇಳಿಸಿದರೆ ವ್ಯಾಪ್ತಿ ಕೇವಲ 4. ಕನಿಷ್ಠ ತ್ರಿಜ್ಯವನ್ನು ತಗ್ಗಿಸೋಣವೆಂದರೆ ಬೆಲ್ಟ್ ತೀವ್ರವಾಗಿ ಬಾಗಿ ಬೇಗ ದಣಿಯುತ್ತದೆ.

ಜಪಾನಿನ ಜಾಟ್ಕೊ ಸಂಸ್ಥೆ 2009ರಲ್ಲಿ ಪ್ರಕಟಿಸಿದ ವಿನ್ಯಾಸ ಇದಕ್ಕೆ ಪರಿಹಾರ ನೀಡಿತು. ಚಿಕ್ಕ ಪುಲ್ಲಿಗಳಿಗೆ ಎರಡು ಹಂತದ ಪೂರಕ ಗೇರನ್ನು ಜೋಡಿಸಲಾಯಿತು. ನಾಲ್ಕನ್ನು ಸುಮಾರು 1.8ರಿಂದ ಗುಣಿಸಿದಂತಾಗಿ ವ್ಯಾಪ್ತಿ 7.3ಕ್ಕೆ ಏರಿತು, ಪೆಟ್ಟಿಗೆ ಮಾತ್ರ ಕುಗ್ಗಿತು.

ಸದ್ದಿನ ಮೂಲ

ವ್ಯಾಪ್ತಿ ಹೆಚ್ಚಿದಷ್ಟೂ ಹೆದ್ದಾರಿಯಲ್ಲಿ ಎಂಜಿನ್ ನಿಧಾನವಾಗಿ ತಿರುಗಬಲ್ಲದು. ಆದ್ದರಿಂದ ಸದ್ದೂ ಕಡಿಮೆ. ಬೆಲ್ಟಿನ ಬದಲು ಉಕ್ಕಿನ ಸರಪಳಿ ಬಳಸುವಲ್ಲಿ ಎರಡು ಅಳತೆಯ ಕೊಂಡಿಗಳನ್ನು ಅನಿಯತ ಕ್ರಮದಲ್ಲಿ ಪೋಣಿಸುತ್ತಾರೆ. ಇದರಿಂದ ಒಂದೇ ಸ್ವರದ ಕಿರುಗುಟ್ಟುವಿಕೆ ಚದುರಿಹೋಗುತ್ತದೆ. ತಟ್ಟೆಗಳನ್ನು ಒತ್ತುವ ತೈಲದ ಒತ್ತಡವೂ ಹದವಾಗಿರಬೇಕು. ಕಡಿಮೆಯಾದರೆ ಬೆಲ್ಟ್ ಜಾರಿ ಗೀರು ಬೀಳುತ್ತದೆ. ಹೆಚ್ಚಾದರೆ ಪಂಪು ಇಂಧನವನ್ನು ನುಂಗುತ್ತದೆ.

ಖರೀದಿದಾರರು ಗಮನಿಸಬೇಕಾದ ಅಂಶಗಳು

1. ‘ಆಟೋಮ್ಯಾಟಿಕ್’ ಎಂದ ಮಾತ್ರಕ್ಕೆ ಅದು ಸಿ.ವಿ.ಟಿ. ಅಲ್ಲ. 2015ರಲ್ಲಿ ಸಿ.ವಿ.ಟಿ.ಯೊಡನೆ ಬಂದ ಮಾರುತಿ ಬಲೆನೊ, 2022ರಲ್ಲಿ ಸಾಧಾರಣ ಗೇರುಗಳನ್ನೇ ಯಂತ್ರ ಬದಲಾಯಿಸುವ ಎ.ಎಂ.ಟಿ.ಗೆ ತಿರುಗಿತು. ಎ.ಎಂ.ಟಿ. ಅಗ್ಗ, ಆದರೆ ಗೇರ್ ಬದಲಾಗುವಾಗ ಕುಲುಕು ಹೆಚ್ಚು.

2. ತಯಾರಕರು ಸೂಚಿಸಿದ ಸಿ.ವಿ.ಟಿ. ತೈಲವನ್ನೇ ಬಳಸಬೇಕು. ಇಲ್ಲಿ ಮಾಡುವ ಉಳಿತಾಯ ಬೆಲ್ಟ್, ಪುಲ್ಲಿಗಳ ವೆಚ್ಚವಾಗಿ ಮರಳಬಹುದು.

3. ವ್ಯಾಪಾರದ ಹೆಸರಿನಲ್ಲಿ ಕೊಂಡರೂ, ವರ್ತಕರ ಸ್ವಂತ ಓಡಾಟದ ಕಾರಿನ ಮೇಲಿನ ಜಿ.ಎಸ್.ಟಿ.ಗೆ ಇನ್‌ಪುಟ್ ಕ್ರೆಡಿಟ್ ದೊರೆಯದು. ಆದ್ದರಿಂದ ಎರಡು ಮಾದರಿಗಳ ಬೆಲೆಯಲ್ಲಿನ ವ್ಯತ್ಯಾಸವನ್ನು ತೆರಿಗೆ ಸಹಿತವಾಗಿಯೇ ತೂಗಬೇಕು.

ಪೇಟೆಯ ದಟ್ಟಣೆಯಲ್ಲಿ ದಿನವಿಡೀ ನಿಂತು ಸಾಗುವವರಿಗೆ ಸಿ.ವಿ.ಟಿ.ಯ ನಯ ಬೆಲೆಗೆ ತಕ್ಕುದೆನಿಸಬಹುದು. ಹೆಚ್ಚಾಗಿ ಹೆದ್ದಾರಿಯಲ್ಲೇ ಸಾಗುವವರಿಗೆ ಗೇರು ಬದಲಾಯಿಸುವ ಪ್ರಸಂಗವೇ ವಿರಳ. ಅವರು ಹೆಚ್ಚುವರಿ ಹಣ ತೆರುವ ಮುನ್ನ ಕಾರನ್ನು ಅದೇ ದಾರಿಯಲ್ಲಿ ಓಡಿಸಿ ನೋಡುವುದು ವಿವೇಕ.