ಜೋಡಿ ಜನರೇಟರುಗಳ ಹೊರೆ ಹಂಚಿಕೆ: ಅಳವಡಿಸುವ ಮತ್ತು ಸರಿಹೊಂದಿಸುವ ಕ್ರಮ



ಕಳೆದ ಹಂಗಾಮಿನಲ್ಲಿ ತಾಳವಾಡಿ ಕಡೆಯ ಸದಸ್ಯರೊಬ್ಬರು ಯಾರ್ಡಿನಲ್ಲಿ ತಮ್ಮ ಲಾರಿಯ ನೆರಳಿನಲ್ಲಿ ಕುಳಿತು ಒಂದು ಪ್ರಶ್ನೆ ಕೇಳಿದರು: "ಸ್ವಾಮಿ, ಕರೆಂಟು ಹೋಯ್ತು, ಗಾಣ ನಿಂತ್ಹೋಯ್ತು ಅಂತೀರಿ. ಕಾರ್ಖಾನೆ ತನ್ನ ಕರೆಂಟನ್ನು ತಾನೇ ಮಾಡಿಕೊಳ್ತದೆ, ಎರಡು ಮಿಷನ್ ಇದಾವೆ ಅಂತಾನೂ ನೀವೇ ಹೇಳ್ತೀರಿ. ಒಂದು ಕೆಟ್ಟರೆ ಇನ್ನೊಂದು ಇರಬೇಕಲ್ಲ? ಎರಡೂ ಒಟ್ಟಿಗೆ ಯಾಕೆ ನಿಂತವು?"

ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಕೊಡುವುದೇ ಈ ಪಾಠದ ಉದ್ದೇಶ.

ಗಾಣ ನಿಂತರೆ ನಷ್ಟ ಯಾರಿಗೆ?

ಕಟಾವಾದ ಕಬ್ಬು ಗಂಟೆಗಂಟೆಗೂ ಒಣಗಿ ತೂಕ ಕಳೆದುಕೊಳ್ಳುತ್ತದೆ. ಅದರೊಳಗಿನ ಸಕ್ಕರೆಯೂ ಒಡೆದು, ಹರಳುಗಟ್ಟದ ಗ್ಲುಕೋಸ್ ಮತ್ತು ಫ್ರಕ್ಟೋಸ್ ಆಗುತ್ತದೆ. ಕಡಿದ 24 ಗಂಟೆಯೊಳಗೆ ಅರೆಯಬೇಕೆಂದು ಹೇಳುವುದು ಇದಕ್ಕಾಗಿಯೇ. ವೇಬ್ರಿಡ್ಜಿಗೆ ಮುಂಚೆ ಕಳೆದ ತೂಕ ಬೆಳೆಗಾರನ ನಷ್ಟ. ಯಾರ್ಡಿನಲ್ಲಿ ಕಳೆದ ಸಕ್ಕರೆ ಎಲ್ಲ ಸದಸ್ಯರ ನಷ್ಟ. 2025–26ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿಪಡಿಸಿದ ಬೆಲೆ ಶೇಕಡ 10.25 ಇಳುವರಿಗೆ ಕ್ವಿಂಟಾಲಿಗೆ 355 ರೂಪಾಯಿ. ಅದಕ್ಕೆ ಮೇಲ್ಪಟ್ಟ ಪ್ರತಿ 0.1ಕ್ಕೆ 3.46 ರೂಪಾಯಿ ಹೆಚ್ಚು. ಇಳುವರಿಯಲ್ಲಿ ಒಂದು ಕೂದಲೆಳೆಯಷ್ಟು ವ್ಯತ್ಯಾಸಕ್ಕೂ ಹಣದ ಲೆಕ್ಕವಿದೆ.

ಬೆಟ್ಟದ ಮೇಲಿನ ಸದಸ್ಯರಿಗೆ ಈ ಗಂಟೆಗಳ ಲೆಕ್ಕ ಇನ್ನೂ ಬಿಗಿ. ಲಾರಿ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಯಬೇಕು. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರ ಫೆಬ್ರವರಿಯಿಂದ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಕಾರಾಪಳ್ಳಂ ಚೆಕ್‌ಪೋಸ್ಟಿನ ಬಳಿ ಕಬ್ಬಿನ ವಾಸನೆ ಹಿಡಿದು ಆನೆ ಬಂದು ನಿಂತರೆ ಅದು ಬಿಟ್ಟಾಗಲೇ ದಾರಿ. ಹೀಗೆ ಅರ್ಧ ಆಯುಷ್ಯ ದಾರಿಯಲ್ಲೇ ಕಳೆದು ಬಂದ ಕಬ್ಬು ಮತ್ತೆ ಯಾರ್ಡಿನಲ್ಲಿ ಕಾಯುವಂತಾಗಬಾರದು. ಆದುದರಿಂದ ಪವರ್‌ಹೌಸಿನ ಎರಡು ಯಂತ್ರಗಳು ಹೊರೆಯನ್ನು ಹೇಗೆ ಹಂಚಿಕೊಳ್ಳುತ್ತವೆಂಬುದು ಇಂಜಿನಿಯರುಗಳಿಗೆ ಮಾತ್ರ ಸೇರಿದ ವಿಷಯವಲ್ಲ.

ನೊಗ ಮತ್ತು ಜೋಡೆತ್ತು

ಕಬ್ಬಿನ ಸಿಪ್ಪೆಯನ್ನು ಬಾಯ್ಲರಿನಲ್ಲಿ ಉರಿಸಿ ಹಬೆ ಮಾಡುತ್ತೇವೆ. ಹಬೆ ಟರ್ಬೈನನ್ನು ತಿರುಗಿಸುತ್ತದೆ, ಟರ್ಬೈನು ಆಲ್ಟರ್ನೇಟರನ್ನು ತಿರುಗಿಸುತ್ತದೆ. ಎರಡು ಆಲ್ಟರ್ನೇಟರುಗಳ ಕರೆಂಟೂ ಬಸ್‌ಬಾರ್ ಎಂಬ ದಪ್ಪ ತಾಮ್ರದ ಪಟ್ಟಿಗಳಿಗೆ ಬಂದು ಸೇರಿ, ಅಲ್ಲಿಂದ ಗಾಣ, ಪಂಪು, ಸೆಂಟ್ರಿಫ್ಯೂಗಲುಗಳಿಗೆ ಹೋಗುತ್ತದೆ. ಬಸ್‌ಬಾರೇ ನೊಗ; ಆಲ್ಟರ್ನೇಟರುಗಳು ಎರಡು ಎತ್ತು. ಒಮ್ಮೆ ನೊಗಕ್ಕೆ ಕಟ್ಟಿದ ಮೇಲೆ ಎರಡೂ ಒಂದೇ ವೇಗದಲ್ಲಿ ನಡೆಯಲೇಬೇಕು. ಆ ವೇಗವನ್ನು ಸೈಕಲ್ ಲೆಕ್ಕದಲ್ಲಿ ಹೇಳುತ್ತೇವೆ, ಈಗಿನವರು ಹರ್ಟ್ಜ್ ಎನ್ನುತ್ತಾರೆ. ನಮ್ಮ ದೇಶದಲ್ಲಿ ಅದು ಸೆಕೆಂಡಿಗೆ 50.

ವೇಗ ಒಂದೇ ಆದರೂ ಎಳೆತ ಒಂದೇ ಆಗಬೇಕೆಂದಿಲ್ಲ. ಒಂದು ಎತ್ತು ಮೈಮುರಿದು ಎಳೆಯುತ್ತಿದ್ದರೆ ಇನ್ನೊಂದು ಸುಮ್ಮನೆ ಹೆಜ್ಜೆ ಹಾಕುತ್ತಿರಬಹುದು. ಎತ್ತುಗಳ ಬಲದಲ್ಲಿ ವ್ಯತ್ಯಾಸವಿದ್ದರೆ ರೈತ ನೊಗದ ಮಿಣಿಯನ್ನು ಬಲವಾದ ಎತ್ತಿನ ಕಡೆಗೆ ಒಂದೆರಡು ಬೆರಳು ಸರಿಸಿ ಕಟ್ಟುತ್ತಾನೆ. ಪವರ್‌ಹೌಸಿನಲ್ಲಿ ಮಿಣಿ ಸರಿಸುವ ಈ ಕೆಲಸಕ್ಕೇ ಹೊರೆ ಹಂಚಿಕೆಯ ಹೊಂದಾಣಿಕೆ ಎಂದು ಹೆಸರು.

ಇದು ಹೊಸ ವಿದ್ಯೆಯೇನಲ್ಲ. ನಮ್ಮ ಬೆಟ್ಟಸೀಮೆಗೆ ದೂರವಲ್ಲದ ಶಿವನಸಮುದ್ರದಲ್ಲಿ 1902ರಲ್ಲೇ ಹಲವು ಯಂತ್ರಗಳು ಅಕ್ಕಪಕ್ಕ ನಿಂತು ದುಡಿದು, 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಿದವು. ಅಲ್ಲಿಯೂ ಸಮಸ್ಯೆ ಇದೇ: ಯಾವ ಯಂತ್ರ ಎಷ್ಟು ಹೊರಬೇಕು?

ಇಳಿತ ಎಂದರೇನು?

ಪ್ರತಿ ಟರ್ಬೈನಿಗೂ ಗವರ್ನರ್ ಎಂಬ ಕಾವಲುಗಾರನಿದ್ದಾನೆ. ವೇಗ ತಗ್ಗಿದರೆ ಹೆಚ್ಚು ಹಬೆ ಬಿಡುವುದು, ಏರಿದರೆ ಕಡಿಮೆ ಮಾಡುವುದು ಅವನ ಕೆಲಸ. ಹೊರೆ ಏರಿದಂತೆ ಯಂತ್ರ ಸ್ವಲ್ಪ ನಿಧಾನವಾಗುವ ಹಾಗೆ ಗವರ್ನರನ್ನು ಬೇಕೆಂದೇ ಸರಿಮಾಡಿರುತ್ತಾರೆ. ಇದನ್ನು ಡ್ರೂಪ್ ಎನ್ನುತ್ತಾರೆ; ನಾವು ಇಳಿತ ಎನ್ನೋಣ. ಹೊರೆಯಿಲ್ಲದಾಗ 52 ಸೈಕಲ್, ಪೂರ್ಣ ಹೊರೆಯಲ್ಲಿ 50 ಸೈಕಲ್ ಎಂದರೆ ಇಳಿತ ಶೇಕಡ 4. ಎರಡೂ ಎತ್ತುಗಳು ಭಾರಕ್ಕೆ ಒಂದೇ ಪ್ರಮಾಣದಲ್ಲಿ ನಿಧಾನಿಸಿದರೆ ಭಾರ ತಾನಾಗಿ ಸಮನಾಗಿ ಹಂಚಿಕೆಯಾಗುತ್ತದೆ.

ಇಳಿತ ಬೇರೆಬೇರೆ ಇದ್ದರೆ? ಲೆಕ್ಕ ಮಾಡಿ ನೋಡೋಣ. ತಲಾ 1000 ಕಿಲೋವ್ಯಾಟಿನ ಎರಡು ಯಂತ್ರಗಳಿವೆ. ಹೊರೆಯಿಲ್ಲದಾಗ ಎರಡೂ 52 ಸೈಕಲ್. ಮೊದಲನೆಯದರ ಇಳಿತ ಶೇಕಡ 4, ಅಂದರೆ ಒಂದು ಸೈಕಲ್ ಇಳಿದರೆ 500 ಕಿಲೋವ್ಯಾಟು ಹೊರುತ್ತದೆ. ಎರಡನೆಯದರದು ತಪ್ಪಾಗಿ ಶೇಕಡ 2 ಆಗಿದೆ. ಅದು ಒಂದು ಸೈಕಲ್ ಇಳಿತಕ್ಕೇ 1000 ಕಿಲೋವ್ಯಾಟು ಹೊರುತ್ತದೆ.

ಒಟ್ಟು ಹೊರೆ 1200 ಆದಾಗ ವೇಗ 51.2ಕ್ಕೆ ಇಳಿಯುತ್ತದೆ. ಮೊದಲನೆಯದು 400, ಎರಡನೆಯದು 800. ಯಾರಿಗೂ ತೊಂದರೆ ಕಾಣುವುದಿಲ್ಲ. ಆಗ ಕಬ್ಬು ಕತ್ತರಿಸುವ ಚೂರಿಗಳಿಗೆ ದಪ್ಪ ಹೊರೆ ಬಿದ್ದು, ಸೆಂಟ್ರಿಫ್ಯೂಗಲೂ ಶುರುವಾಗಿ ಹೊರೆ 1800ಕ್ಕೆ ಏರಿತೆನ್ನಿ. ವೇಗ 50.8, ಮೊದಲನೆಯದಕ್ಕೆ 600, ಎರಡನೆಯದಕ್ಕೆ 1200. ತಾಳಿಕೆಗಿಂತ 200 ಹೆಚ್ಚಾದ್ದರಿಂದ ಎರಡನೆಯದು ಟ್ರಿಪ್ ಆಗುತ್ತದೆ. ಮರುಗಳಿಗೆಯಲ್ಲಿ 1800 ಪೂರ್ತಿ ಮೊದಲನೆಯದರ ಮೇಲೆ ಬಿದ್ದು ಅದೂ ನಿಲ್ಲುತ್ತದೆ.

ನಮ್ಮ ಸದಸ್ಯರ ಪ್ರಶ್ನೆಗೆ ಉತ್ತರ ಇದೇ. 2000 ಹೊರಬಲ್ಲ ಜೋಡಿ 1800ಕ್ಕೆ ಕುಸಿಯಿತು. ಬಲ ಸಾಲದೆ ಅಲ್ಲ, ಹಂಚಿಕೆ ತಪ್ಪಿ. ಎರಡಕ್ಕೂ ಶೇಕಡ 4 ಇದ್ದಿದ್ದರೆ ತಲಾ 900 ಹೊತ್ತು 50.2 ಸೈಕಲಿನಲ್ಲಿ ನಿರಾತಂಕವಾಗಿ ನಡೆಯುತ್ತಿದ್ದವು.

ಅಳವಡಿಸುವಾಗ

ಇಳಿತವೊಂದನ್ನೇ ನಂಬಿದರೆ ಹೊರೆಯೊಡನೆ ವೇಗವೂ ಏರಿಳಿಯುತ್ತದೆ. ಹೊರೆ ಹಂಚಿಕೆಯ ಎಲೆಕ್ಟ್ರಾನಿಕ್ ನಿಯಂತ್ರಕ ಹಾಕಿದರೆ ವೇಗ 50ರಲ್ಲೇ ನಿಲ್ಲುತ್ತದೆ, ಹಂಚಿಕೆಯೂ ಆಗುತ್ತದೆ. ಪ್ರತಿ ಯಂತ್ರಕ್ಕೂ ಒಂದು ನಿಯಂತ್ರಕ. ಅದು ತನ್ನ ಯಂತ್ರದ ಹೊರೆಯನ್ನು ಅಳೆದು ಸಣ್ಣ ವೋಲ್ಟೇಜಿನ ರೂಪದಲ್ಲಿ ಹಂಚಿಕೆಯ ತಂತಿಗೆ ಕೊಡುತ್ತದೆ, ಪಕ್ಕದವನ ಹೊರೆಯೊಡನೆ ಹೋಲಿಸಿ ಹಬೆಯನ್ನು ಹೆಚ್ಚುಕಡಿಮೆ ಮಾಡುತ್ತದೆ. ಅಳವಡಿಸುವಾಗ ಗಮನಿಸತಕ್ಕ ಅಂಶಗಳು:

1. ಹೊರೆ ಅಳೆಯುವ ಕರೆಂಟ್ ಟ್ರಾನ್ಸ್‌ಫಾರ್ಮರು, ಅಂದರೆ ಸಿ.ಟಿ., ತಕ್ಕ ಅಳತೆಯದಾಗಿರಬೇಕು. 1000 ಕಿಲೋವ್ಯಾಟು, 415 ವೋಲ್ಟು, 0.8 ಪವರ್ ಫ್ಯಾಕ್ಟರಿಗೆ ಕರೆಂಟು ಸುಮಾರು 1740 ಆಂಪಿಯರ್. ಅದಕ್ಕೆ 2000ಕ್ಕೆ 5ರ ಸಿ.ಟಿ. ಸರಿಹೋಗುತ್ತದೆ.

2. ಮೂರು ಫೇಸಿನ ಸಿ.ಟಿ.ಗಳೂ ತಮ್ಮತಮ್ಮ ಫೇಸಿಗೆ, ಸರಿಯಾದ ದಿಕ್ಕಿಗೆ ಸೇರಿರಬೇಕು.

3. ಯಂತ್ರ ನಡೆಯುವಾಗ ಸಿ.ಟಿ.ಯ ತಂತಿಯನ್ನು ಎಂದಿಗೂ ಬಿಚ್ಚಕೂಡದು. ಬಿಚ್ಚಿದ ತುದಿಯಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜು ಏಳುತ್ತದೆ.

4. ಹಂಚಿಕೆಯ ತಂತಿ ಹೆಣೆದ ಜೋಡಿಯಾಗಿದ್ದು ಮೇಲೆ ಲೋಹದ ಕವಚವಿರಬೇಕು. ಕವಚಕ್ಕೆ ಒಂದು ತುದಿಯಲ್ಲಿ ಮಾತ್ರ ಅರ್ತ್ ಕೊಡಬೇಕು. ದಪ್ಪ ಪವರ್ ಕೇಬಲಿನ ಜೊತೆ ಒಂದೇ ಕಾಲುವೆಯಲ್ಲಿ ಎಳೆಯಬಾರದು.

5. ಬ್ರೇಕರ್ ಹಾಕಿದಾಗ ಮಾತ್ರ ಯಂತ್ರ ಹಂಚಿಕೆಯ ತಂತಿಗೆ ಸೇರುವಂತೆ ಬ್ರೇಕರಿನ ಸಹಾಯಕ ಕಾಂಟ್ಯಾಕ್ಟಿನ ಮೂಲಕ ತಂತಿ ಕೊಡಬೇಕು. ಇಲ್ಲವಾದರೆ ನಿಂತ ಯಂತ್ರ ನಡೆಯುವ ಯಂತ್ರದ ಲೆಕ್ಕ ಕೆಡಿಸುತ್ತದೆ.

ಎರಡನೆಯ ಅಂಶದ ಬಗ್ಗೆ ಅನುಭವದ ಮಾತು. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಮೂರು ಸಿ.ಟಿ.ಗಳ ಪೈಕಿ ಒಂದರ ತಂತಿ ತಲೆಕೆಳಗಾಗಿತ್ತು. ಎರಡು ಸಿ.ಟಿ. ಕೂಡಿಸಿದ್ದನ್ನು ಮೂರನೆಯದು ಕಳೆಯುತ್ತಿತ್ತು. 900 ಹೊತ್ತಿದ್ದರೂ 300 ಮಾತ್ರ ಎಂದು ನಿಯಂತ್ರಕ ತಿಳಿಯಿತು. ಇನ್ನೂ ಬೇಕೆಂದು ಎಳೆದುಕೊಂಡಿತು, ಟ್ರಿಪ್ ಆಯಿತು. ಟರ್ಬೈನು ಬಿಚ್ಚಿ ನೋಡಿದೆವು, ಗವರ್ನರಿನ ಎಣ್ಣೆ ಬದಲಾಯಿಸಿದೆವು. ಕೊನೆಗೆ ಎರಡು ಸ್ಕ್ರೂ ಸಡಿಲಿಸಿ ತಂತಿ ಅದಲುಬದಲು ಮಾಡಿದ ಮೇಲೆ ಸರಿಹೋಯಿತು. ಅಷ್ಟರಲ್ಲಿ ಒಂದು ಹಗಲು ಕಳೆದು ಯಾರ್ಡು ತುಂಬಿತ್ತು. ಅಂದು ಬೆಳೆಗಾರರ ಮುಖ ನೋಡುವುದು ಕಷ್ಟವಾಯಿತು.

ಸರಿಹೊಂದಿಸುವ ಕ್ರಮ

ಈ ಕೆಲಸ ಹಂಗಾಮಿಗೆ ಮುಂಚೆಯೇ ಮುಗಿಯತಕ್ಕದ್ದು.

ಮೊದಲು ಪ್ರತಿ ಯಂತ್ರವನ್ನೂ ಒಂಟಿಯಾಗಿ ನಡೆಸಿ 50 ಸೈಕಲ್, 415 ವೋಲ್ಟು ಬರುವುದನ್ನು ನೋಡಬೇಕು. ಆಮೇಲೆ ಪರೀಕ್ಷಾ ಹೊರೆ ಕೊಡಬೇಕು. ಸುತ್ತ ಬೇಲಿ ಹಾಕಿದ ಉಪ್ಪುನೀರಿನ ತೊಟ್ಟಿಯಲ್ಲಿ ಕಬ್ಬಿಣದ ಫಲಕಗಳನ್ನು ಇಳಿಬಿಟ್ಟು ಹೊರೆ ಮಾಡುವುದು ಹಳೆಯ ಪದ್ಧತಿ. ಇಳಿತದ ಕ್ರಮದಲ್ಲಿಟ್ಟು 52ರಿಂದ ಹೊರಟರೆ ಪೂರ್ಣ ಹೊರೆಗೆ 50ಕ್ಕೆ ಇಳಿಯಬೇಕು. ಅರ್ಧ ಹೊರೆಯಷ್ಟೇ ಸಿಕ್ಕಿದರೆ 51ಕ್ಕೆ ನಿಲ್ಲಬೇಕು.

ಎರಡನೆಯದು ಹೊರೆಯ ಸೂಚನೆ. ಪೂರ್ಣ ಹೊರೆಯಲ್ಲಿ ಎಲ್ಲ ಯಂತ್ರಗಳೂ ಹಂಚಿಕೆಯ ತಂತಿಗೆ ಒಂದೇ ವೋಲ್ಟೇಜು, ಉದಾಹರಣೆಗೆ 3 ವೋಲ್ಟು, ಕೊಡುವಂತೆ ತಿರುಪು ಸರಿಮಾಡಬೇಕು. ದೊಡ್ಡದು 1000ಕ್ಕೆ 3 ಕೊಟ್ಟರೆ 500ರ ಚಿಕ್ಕದು ತನ್ನ 500ಕ್ಕೇ 3 ಕೊಡಬೇಕು. ಆಗ 900 ಕಿಲೋವ್ಯಾಟು ಹೊರೆ ಬಂದರೆ 600 ಮತ್ತು 300 ಆಗಿ ಹಂಚಿಕೆಯಾಗುತ್ತದೆ. ಇಬ್ಬರ ಶ್ರಮವೂ ಶೇಕಡ 60. ಮಿಣಿ ಸರಿಸುವುದೆಂದರೆ ಇದೇ.

ಮೂರನೆಯದು ಸಿ.ಟಿ. ಪರೀಕ್ಷೆ. ಸಮನಾದ ಹೊರೆಯಿರುವಾಗ ಒಂದೊಂದೇ ಸಿ.ಟಿ.ಯ ಎರಡು ತುದಿಗಳನ್ನು ಟರ್ಮಿನಲ್ಲಿನಲ್ಲಿ ಬೆಸೆದು, ಅಂದರೆ ಶಾರ್ಟ್ ಮಾಡಿ, ನೋಡಬೇಕು. ಪ್ರತಿ ಸಲವೂ ಸೂಚನೆ ಮೂರರಲ್ಲೊಂದು ಪಾಲು ಇಳಿಯಬೇಕು. ಇಳಿಯುವ ಬದಲು ಏರಿದರೆ ಆ ಸಿ.ಟಿ. ತಲೆಕೆಳಗಾಗಿದೆ.

ನಾಲ್ಕನೆಯದು ಕೂಡಿಸುವ ಗಳಿಗೆ. ವೋಲ್ಟೇಜು, ಸೈಕಲ್, ಫೇಸುಗಳ ಸರದಿ ಮತ್ತು ಫೇಸ್ ಕೋನ ನಾಲ್ಕೂ ಹೊಂದಿದಾಗಲೇ ಬ್ರೇಕರ್ ಹಾಕಬೇಕು. ಸಿಂಕ್ರೋಸ್ಕೋಪಿನ ಮುಳ್ಳು ಗಡಿಯಾರದ ದಿಕ್ಕಿನಲ್ಲಿ ನಿಧಾನವಾಗಿ ಬಂದು ಹನ್ನೆರಡನ್ನು ಮುಟ್ಟುವ ಸ್ವಲ್ಪ ಮುಂಚೆ ಕೈ ಹಾಕಬೇಕು. ದೇಶದ ಮಟ್ಟದಲ್ಲೂ ನಿಯಮ ಇದೇ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರದ 765 ಕಿಲೋವೋಲ್ಟ್ ಮಾರ್ಗದ ಮೂಲಕ ದಕ್ಷಿಣದ ಜಾಲ ಉಳಿದ ದೇಶದ ಜಾಲಕ್ಕೆ ಕೂಡಿತು. ಅಂದಿನಿಂದ ನಮ್ಮ ಮನೆಯ ದೀಪವೂ ದೆಹಲಿಯ ದೀಪವೂ ಒಂದೇ ತಾಳಕ್ಕೆ ಮಿಡಿಯುತ್ತಿವೆ.

ಐದನೆಯದಾಗಿ, ಕೂಡಿಸಿದ ಮೇಲೆ ಶೇಕಡ 25, 50, 75 ಮತ್ತು 100 ಹೊರೆಯಲ್ಲಿ ಎರಡರ ಮೀಟರನ್ನೂ ಬರೆದಿಡಬೇಕು. ವ್ಯತ್ಯಾಸ ಶೇಕಡ 5ರೊಳಗಿರಲಿ. ದೊಡ್ಡ ಮೋಟಾರೊಂದನ್ನು ಹಾಕಿ ತೆಗೆದು ನೋಡಬೇಕು. ಹೊರೆ ಒಂದರಿಂದ ಇನ್ನೊಂದಕ್ಕೆ ಉಯ್ಯಾಲೆಯಂತೆ ಓಲಾಡಿದರೆ ಗೇನ್ ತಿರುಪನ್ನು ತಗ್ಗಿಸಬೇಕು.

ಇದೆಲ್ಲ ಕಿಲೋವ್ಯಾಟಿನ ಹಂಚಿಕೆ. ಮೋಟಾರುಗಳಿಗೆ ಕಾಂತತ್ವ ಒದಗಿಸುವ ಕೆವಿಎಆರ್ ಎಂಬ ಇನ್ನೊಂದು ಹೊರೆಯುಂಟು. ಅದನ್ನು ಹಂಚುವುದು ಹಬೆಯಲ್ಲ, ವೋಲ್ಟೇಜ್ ನಿಯಂತ್ರಕ. ಕಿಲೋವ್ಯಾಟು ಸಮನಾಗಿದ್ದೂ ಎರಡು ಯಂತ್ರಗಳ ಆಂಪಿಯರು ಬೇರೆಬೇರೆ ತೋರಿಸಿದರೆ ಗವರ್ನರನ್ನು ಮುಟ್ಟಬೇಡಿ. ವೋಲ್ಟೇಜಿನ ಕಡೆ ನೋಡಿ.

ಕೊನೆಯದಾಗಿ, ತಿರುಪುಗಳನ್ನು ಬಿಗಿದು, ತಾರೀಖಿನೊಡನೆ ರಿಜಿಸ್ಟರಿನಲ್ಲಿ ಬರೆಯಬೇಕು. ಒಂದು ಯಂತ್ರ ಬಿದ್ದರೂ ಗಾಣ ನಡೆಯುವಂತೆ, ಸೈಕಲ್ ತಗ್ಗಿದೊಡನೆ ಕಾಲೋನಿಯ ದೀಪ ಮುಂತಾದ ಅಷ್ಟು ಅಗತ್ಯವಿಲ್ಲದ ಹೊರೆ ತಾನಾಗಿ ಕಳಚುವ ರಿಲೇಯನ್ನೂ ಪರೀಕ್ಷಿಸಬೇಕು. ದೀಪ ಆರಿದರೆ ಮತ್ತೆ ಹಚ್ಚಬಹುದು. ಕಬ್ಬು ಒಣಗಿದರೆ ಒಣಗಿದ್ದೇ.

ಮನೆಯಲ್ಲಿ ಜನರೇಟರ್ ಇಟ್ಟಿರುವವರಿಗೆ

ಪಂಪಿಗೆ ಒಂದು ಜನರೇಟರ್ ಸಾಲದೆಂದು ನೆರೆಯವರದನ್ನು ತಂದು ಒಂದೇ ತಂತಿಗೆ ಎರಡನ್ನೂ ಕಟ್ಟಬೇಡಿ. ಮೇಲೆ ಹೇಳಿದ ಯಾವ ಉಪಕರಣವೂ ಅಲ್ಲಿಲ್ಲ. ಬ್ರೇಕರ್ ಹಾಕಿದೊಡನೆ ಕ್ರ್ಯಾಂಕು ಮುರಿಯಬಹುದು, ಸುರುಳಿ ಸುಡಬಹುದು. ಪಂಪಿಗೆ ಒಂದು, ಮನೆಗೆ ಇನ್ನೊಂದು ಎಂದು ಹೊರೆಯನ್ನೇ ಬೇರೆ ಮಾಡಿ. ಸರ್ಕಾರದ ಲೈನಿಗೂ ಜನರೇಟರಿಗೂ ನಡುವೆ ಚೇಂಜ್‌ಓವರ್ ಸ್ವಿಚ್ ಇರಲೇಬೇಕು. ಇಲ್ಲವಾದರೆ ನಿಮ್ಮ ಕರೆಂಟು ಟ್ರಾನ್ಸ್‌ಫಾರ್ಮರಿನ ಮೂಲಕ ಹಿಂದಕ್ಕೆ ಹರಿದು, ಲೈನು ಸತ್ತಿದೆಯೆಂದು ನಂಬಿ ಕಂಬ ಹತ್ತಿದ ಲೈನ್‌ಮ್ಯಾನಿನ ಜೀವ ಹೋಗುತ್ತದೆ.

ನಿಮಗೆ ನೀವೇ ಕೇಳಿಕೊಳ್ಳಿ

1. 2000 ಕಿಲೋವ್ಯಾಟಿನ ಜೋಡಿ 1800ಕ್ಕೆ ಏಕೆ ನಿಂತಿತು?
2. 1000ರ ಯಂತ್ರವೂ 500ರ ಯಂತ್ರವೂ ಸೇರಿ 1200 ಹೊರುವಾಗ ಯಾವುದಕ್ಕೆ ಎಷ್ಟು?
3. ನಡೆಯುವ ಯಂತ್ರದ ಸಿ.ಟಿ. ತಂತಿಯನ್ನು ಏಕೆ ಬಿಚ್ಚಬಾರದು?

ಎರಡನೆಯದಕ್ಕೆ ಉತ್ತರ 800 ಮತ್ತು 400. ಉಳಿದೆರಡಕ್ಕೆ ಉತ್ತರ ಪಾಠದಲ್ಲೇ ಇದೆ.

ಹಂಗಾಮಿಗೆ ಮುಂಚಿನ ಸಭೆಯಲ್ಲಿ ಸದಸ್ಯರು ಗಾಣದ ದುರಸ್ತಿಯ ವಿಷಯ ಕೇಳುತ್ತಾರೆ, ಬಾಯ್ಲರಿನ ವಿಷಯ ಕೇಳುತ್ತಾರೆ. ಇನ್ನು ಮುಂದೆ ಇದನ್ನೂ ಕೇಳಿ: "ಜೋಡಿ ಯಂತ್ರದ ಹೊರೆ ಹಂಚಿಕೆ ನೋಡಿದಿರಾ? ರಿಜಿಸ್ಟರ್ ಎಲ್ಲಿ?" ಕೇಳುವ ಹಕ್ಕು ನಿಮ್ಮದು, ತೋರಿಸುವ ಕರ್ತವ್ಯ ನಮ್ಮದು.